ಅತ್ತೆ ತೊಳೆದ ಕಾರ್ಡು

ನಮ್ಮ ಸೋದರತ್ತೆ ಗಡಿಯಾರ ರಿಪೇರಿ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿ ಇಟ್ಟ ಮೇಜು, ಅದರ ಮೇಲೊಂದು ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಮಲಗಿದ ಚಕ್ರಗಳು. ಗೋಡೆಯಲ್ಲಿ ಹನ್ನೊಂದು ಗಡಿಯಾರಗಳಿವೆ. ಒಂದರ ಹೊತ್ತು ಇನ್ನೊಂದಕ್ಕೆ ಕೂಡುವುದಿಲ್ಲ. ಅವೆಲ್ಲ ಇನ್ನೂ ರೋಗಿಗಳು. ಮಧ್ಯಾಹ್ನ ಆ ಕೋಣೆಯಲ್ಲಿ ಸುಮ್ಮನೆ ಕೂತರೆ ಬೆಳಗು, ಸಂಜೆ ಎಲ್ಲ ಒಟ್ಟಿಗೆ ಅಲ್ಲೇ ಇರುವ ಹಾಗೆ ಅನಿಸುತ್ತದೆ.

ಅತ್ತೆಯ ಕಿವಿ ಮಂದವಾಗಿ ಆರು ವರ್ಷವಾಯಿತು. ಮೊದಲು ಹೋದವು ಸಣ್ಣ ಸದ್ದುಗಳು. ಗುಬ್ಬಿಗಳದ್ದು ಹೋಯಿತು, ಲೋಟದಲ್ಲಿ ಚಮಚ ತಿರುಗುವುದು ಹೋಯಿತು, ಆಮೇಲೆ ಕೈಗಡಿಯಾರದ ಟಿಕ್‌ಟಿಕ್. ಗಡಿಯಾರದವರಿಗೆ ಕಿವಿ ಹೋದರೆ ಅಡುಗೆಯವರಿಗೆ ನಾಲಿಗೆ ಹೋದ ಹಾಗೆ. ಅವರನ್ನು ಉಳಿಸಿದ್ದು ಒಂದು ಹಳೇ ಕಂಪ್ಯೂಟರು. ಸರಿಪಡಿಸಿದ ಪ್ರತಿ ಗಡಿಯಾರದ ಸದ್ದನ್ನೂ ಸಣ್ಣ ಮೈಕಿನಿಂದ ಅದರಲ್ಲಿ ತುಂಬಿಡುವ ರೂಢಿ ಅವರಿಗೆ ಮೊದಲಿನಿಂದಲೂ ಇತ್ತು. ಪರದೆಯ ಮೇಲೆ ಸದ್ದು ಗೆರೆಗಳಾಗಿ ಕಾಣುತ್ತದೆ. ಗಡಿಯಾರ ಚೆನ್ನಾಗಿದ್ದಾಗಿನ ಗೆರೆ ಮೇಲೆ, ಈಗಿನ ಗೆರೆ ಕೆಳಗೆ ಇಟ್ಟು ನೋಡಿದರೆ ಎಲ್ಲಿ ಸವೆದಿದೆ ಎಂದು ತಿಳಿಯುತ್ತದೆ. ಹದಿನಾಲ್ಕು ವರ್ಷ, ಸಾವಿರದ ನೂರಾ ನಲವತ್ತು ಗಡಿಯಾರಗಳು. ಅತ್ತೆಯ ಕಿವಿ ಈಗ ಆ ಪೆಟ್ಟಿಗೆಯೊಳಗೆ ಇತ್ತು.

ಪೆಟ್ಟಿಗೆಯ ಡಿಸ್ಕ್ ಕೆಡುತ್ತಿದೆ ಎಂದು ಕಂಡುಹಿಡಿದವರೂ ಅವರೇ. ಪಕ್ಕಕ್ಕೆ ಹೆಬ್ಬೆರಳು ಒತ್ತಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ಇದು ಕುಂಟ್ತಾ ಇದೆ" ಎಂದರು.

ಪಕ್ಕದ ಬೀದಿಯ ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದೆವು. ಸದಾ ಕೊರಳಿಗೆ ಕೇಬಲ್ ಸುತ್ತಿಕೊಂಡಿರುವುದರಿಂದ ಎಲ್ಲರೂ ಅವರನ್ನು ತಂತಿಯಣ್ಣ ಎನ್ನುತ್ತಾರೆ. ಅವರು ಅತ್ತೆಯ ಎಡಗಿವಿಗೆ ಬಗ್ಗಿ ಹೇಳಿದರು.

"ಅಕ್ಕ, ಡಿಸ್ಕ್ ಬಿಚ್ಚಿ ಅಲ್ಲಾಡ್ಸೋದು ಬೇಡ. ಇದ್ದಲ್ಲೇ ಇದ್ದು ಕೊಡೋದನ್ನ ಕೊಡಲಿ. ಒಂದು ನೆಟ್‌ವರ್ಕ್ ಕಾರ್ಡ್ ಹಾಕಿ, ತಂತಿ ಎಳೆದು, ಎಲ್ಲಾನೂ ನಾನು ತರೋ ಹೊಸ ಕಂಪ್ಯೂಟರಿಗೆ ದಾಟ್ಸೋಣ."

"ಫ್ಲಾಪೀಲಿ ಆಗಲ್ವಾ?"

"ಒಂದು ಫ್ಲಾಪಿಗೆ ಒಂದು ಗಡಿಯಾರ. ನಮ್ಮಿಬ್ರ ಆಯಸ್ಸೂ ಸೇರ್ಸಿದ್ರೂ ಸಾಲಲ್ಲ."

ತಮ್ಮ ಗುಜರಿ ಡಬ್ಬದಿಂದ ಧೂಳು ಮೆತ್ತಿದ ಕಾರ್ಡೊಂದನ್ನು ತಂದು ಮೇಜಿನ ಮೇಲಿಟ್ಟು, ಉಂಡು ಬರುತ್ತೇನೆಂದು ಹೋದರು. ಕೊಳೆಯಿರುವ ಯಾವುದೂ ಅತ್ತೆಯ ಬಿಳಿ ಬಟ್ಟೆ ಹತ್ತುವಂತಿಲ್ಲ. ಗಡಿಯಾರದ ಚಕ್ರ ತೊಳೆಯುವ ಪೆಟ್ರೋಲಿನಲ್ಲಿ ಬ್ರಷ್ ಅದ್ದಿ, ಕಾರ್ಡಿನ ಮೂಲೆ ಮೂಲೆ ಉಜ್ಜಿ ಒಣಗಿಸಿಟ್ಟರು. ಕಿಟಕಿಯ ಬಿಸಿಲಿಗೆ ಅದು ಹೊಸ ಎಲೆಯ ಹಾಗೆ ಹೊಳೆಯುತ್ತಿತ್ತು.

ತಂತಿಯಣ್ಣ ಬಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಕ್ಕ, ಈ ಕರಿ ಚಿಪ್ಪಿನ ಬೆನ್ನ ಮೇಲೆ ನಂಬರಿತ್ತಲ್ಲ?"

"ಬೆಳ್ಳಗೆ ಏನೋ ಮೆತ್ತಿತ್ತು. ಒಳ್ಳೆ ಮೊಂಡು ಕೊಳೆ, ಎರಡು ಸಲ ಉಜ್ಜಬೇಕಾಯ್ತು."

"ಅದೇ ನಂಬರು."

ಅತ್ತೆ ಬ್ರಷ್ ಕೆಳಗಿಟ್ಟರು.

ಕಾರ್ಡಿನ ಮಾತನ್ನು ಕಂಪ್ಯೂಟರಿಗೆ ತಿಳಿಸಿಕೊಡುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಒಂದೊಂದು ಚಿಪ್ಪಿಗೆ ಒಂದೊಂದು. ನಂಬರು ತಿಳಿಯದೆ ಯಾವುದನ್ನು ಹಾಕುವುದು? ಕಂಪ್ಯೂಟರೇ ಇಂಟರ್‌ನೆಟ್ಟಿನಲ್ಲಿ ಹುಡುಕಿಕೊಳ್ಳಬಾರದೇ ಎಂದು ಅತ್ತೆ ಕೇಳಿದರು.

"ಅಲ್ಲಿಗೆ ಹೋಗೋಕೆ ಕಾರ್ಡ್ ನಡೀಬೇಕು. ಕಾರ್ಡ್ ನಡೆಯೋಕೆ ಡ್ರೈವರ್ ಬೇಕು."

"ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ."

"ಹ್ಞೂಂ. ಮದುಮಗನ್ನ ತಿಕ್ಕಿ ತೊಳೆದೋರು ನೀವೇ."

ತಂತಿಯಣ್ಣ ಕಾರ್ಡ್ ಸಿಕ್ಕಿಸಿ, ಅಂದಾಜಿನ ಮೇಲೆ ಮೂರು ಡ್ರೈವರುಗಳನ್ನು ಫ್ಲಾಪಿಯಲ್ಲಿ ತಂದು ಹಾಕಿದರು. ಪ್ರತಿ ಸಲವೂ ಕಂಪ್ಯೂಟರನ್ನು ಆರಿಸಿ ಹೊತ್ತಿಸಬೇಕು. ಪ್ರತಿ ಸಲವೂ ಪರದೆಯ ಮೇಲೆ ಕಾರ್ಡ್ ನಡೆಯುತ್ತಿಲ್ಲ ಎನ್ನುವ ಅದೇ ಹಳದಿ ಗುರುತು. ಮೂರನೆಯ ಸಲ ಡಿಸ್ಕು ತಿರುಗುವ ಮೊದಲು ಮೂರು ಬಾರಿ ಕಟಕಟ ಎಂದಿತು. ತಂತಿಯಣ್ಣನ ಮುಖ ನೋಡಿಯೇ ಅತ್ತೆಗೆ ತಿಳಿಯಿತು.

"ಇನ್ನೊಂದು ಸಲ ಏಳುತ್ತೆ ಅಂತ ಇಟ್ಕೊಳ್ಳಿ ಅಕ್ಕ. ಅದರ ಮೇಲೆ ನಾನು ಹೇಳಲಾರೆ."

ಅತ್ತೆ ಕಂಪ್ಯೂಟರಿನ ಬೆನ್ನಿಗೆ, ಕಾರ್ಡ್ ಸಿಕ್ಕಿಸಿದ್ದ ಕಡೆ ಬಗ್ಗಿ ನೋಡಿದರು. ಗೋಡೆಯ ಗಡಿಯಾರಗಳು ತಮ್ಮ ತಮ್ಮ ಹೊತ್ತನ್ನು ಬಡಿದವು. ಆಮೇಲೆ, "ಆರಿಸು. ಆ ಕಾರ್ಡ್ ಬಿಚ್ಚಿ ಕೊಡು ಇಲ್ಲಿ" ಎಂದರು.

ಹಿಂದೆ ರಿಪೇರಿ ಮಾಡಿದವರು ಗಡಿಯಾರದ ಮುಚ್ಚಳದ ಒಳಗೆ ಸೂಜಿಯಿಂದ ಗುರುತು ಗೀರಿರುತ್ತಾರೆ. ಅದು ಸವೆದಿದ್ದರೆ ಅತ್ತೆ ಬಾಯಿಂದ ಹಬೆ ಊದಿ ಓದುತ್ತಾರೆ. ಈಗಲೂ ಕಣ್ಣಿಗೆ ಭೂತಗಾಜು ಸಿಕ್ಕಿಸಿ, ಕಾರ್ಡನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಹಾ ಎಂದು ಉಸಿರು ಬಿಟ್ಟರು. ಕರಿ ಚಿಪ್ಪಿನ ಮೇಲೆ ಮಂಜು ಕಟ್ಟಿತು. ಮೊದಲು ನಂಬರಿನ ಬಣ್ಣ ಇದ್ದ ಕಡೆ ಮಾತ್ರ ಮಂಜು ಕೂರಲಿಲ್ಲ. ಕೊಳದಡಿಯಿಂದ ಮೀನು ಮೇಲೆ ಬಂದಂತೆ ಒಂದು ಅಂಕಿ ಬಂದು, ಹೋಯಿತು.

"ಎಂಟು" ಎಂದರು ಅತ್ತೆ. ತಂತಿಯಣ್ಣ ಅಂಗೈ ಮೇಲೆ ಬರೆದುಕೊಂಡರು.

ಉಸಿರಿಗೊಂದು ಅಂಕಿ. ನಾಲ್ಕನೆಯದು ಮೂರೋ ಎಂಟೋ ತಿಳಿಯದೆ ಅದೊಂದಕ್ಕೇ ಐದು ಉಸಿರು ಬೇಕಾಯಿತು.

"ಮೂರು ಅಂತ ಬರ್ಕೊಳ್ಲಾ?" ತಂತಿಯಣ್ಣ ಗೊಣಗಿದರು.

"ಗೊಣಗ್ಬೇಡ, ಕೇಳಿಸುತ್ತೆ."

"ಗೊಣಗಿದ್ದು ಮಾತ್ರ ಕೇಳಿಸುತ್ತೆ ನಿಮಗೆ."

ಐದನೆಯ ಉಸಿರಿಗೆ ಅದು ಮೂರೇ ಎಂದು ಖಚಿತವಾಯಿತು.

ತಂತಿಯಣ್ಣ ಅಂಗೈ ಮುಚ್ಚಿಕೊಂಡೇ ಅಂಗಡಿಗೆ ಹೋಗಿ ಹೊಸ ಫ್ಲಾಪಿ ತಂದರು. ಕಾರ್ಡ್ ಸಿಕ್ಕಿಸಿ ಕಂಪ್ಯೂಟರ್ ಹೊತ್ತಿಸಿದರು. ಅತ್ತೆ ಪೆಟ್ಟಿಗೆಗೆ ಹೆಬ್ಬೆರಳು ಒತ್ತಿಯೇ ನಿಂತಿದ್ದರು. ಒಂದು ಕಟ, ಎರಡು, ಮೂರು, ನಾಲ್ಕು. ಆಮೇಲೆ ಅತ್ತೆ ತಲೆಯಾಡಿಸಿದರು, ತಿರುಗುತ್ತಿತ್ತು. ಡ್ರೈವರ್ ಒಳಗೆ ಹೋಯಿತು. ಹಳದಿ ಗುರುತು ಬರಲಿಲ್ಲ. ಪಕ್ಕದಲ್ಲಿ ತಂದಿಟ್ಟ ಹೊಸ ಕಂಪ್ಯೂಟರಿನಿಂದ ಎಳೆದ ಕೇಬಲಿನ ಬಾಯಲ್ಲಿ ಸಾಸಿವೆಯಷ್ಟು ಹಸಿರು ದೀಪ ಮಿನುಗಿತು.

ಸಂಜೆಯವರೆಗೂ ಗಡಿಯಾರಗಳು ಒಂದೊಂದಾಗಿ ತಂತಿಯಲ್ಲಿ ದಾಟಿದವು. ಅತ್ತೆ ಪರದೆಯ ಮೇಲೆ ಹಾಯುವ ಹೆಸರುಗಳನ್ನು ನೆಂಟರನ್ನು ಬೀಳ್ಕೊಡುವವರ ಹಾಗೆ ಮೆಲ್ಲಗೆ ಓದುತ್ತಿದ್ದರು. ಬೇಕರಿಯವರ ಅಲಾರಂ. ಸೂಲಗಿತ್ತಿಯ ಕೈಗಡಿಯಾರ. ಕುಂಟುವ ಗೋಡೆ ಗಡಿಯಾರ, ಮೂರನೇ ಸಲ. ಕೊನೆಯದು ದಾಟಿ ಸ್ವಲ್ಪ ಹೊತ್ತಿಗೆ ಅವರ ಹೆಬ್ಬೆರಳಿನಡಿ ಡಿಸ್ಕು ನಿಂತಿತು. ಅವರು ಕೂಡಲೇ ಕೈ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಸೂಲಗಿತ್ತಿ ಬಂದು, ಗಡಿಯಾರ ಹಿಂದೆ ಬೀಳುತ್ತಿದೆ ಎಂದರು. ಅತ್ತೆ ಹೊಸ ಪರದೆಯಲ್ಲಿ ಎರಡು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ, "ಎಣ್ಣೆ ಒಣಗಿದೆ ಅಷ್ಟೆ, ಕೂತ್ಕೊಳ್ಳಿ" ಎಂದರು.

ಕಾರ್ಡು ಈಗಲೂ ಅವರ ಮೇಜಿನ ಖಾನೆಯಲ್ಲಿದೆ. ಅದರ ಅಂಚಿನಲ್ಲಿ ಸೂಜಿಯಿಂದ ಆ ನಂಬರನ್ನು ಗೀರಿ, ಪಕ್ಕದಲ್ಲಿ ತಾರೀಖು ಹಾಕಿದ್ದಾರೆ.