ಎರಡನೆಯ ಹೆಸರು

ಎಲ್ಲರೂ ಅವಳನ್ನು ಕಂಡಕ್ಟರಕ್ಕ ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷ ಬಸ್ಸಿನಲ್ಲಿ ಟಿಕೆಟ್ ಟಿಕೆಟ್ ಎಂದು ಕೂಗಿ ಕೂಗಿ ದನಿ ಎಷ್ಟು ಗಡುಸಾಗಿತ್ತೆಂದರೆ, ಮನೆಯಲ್ಲೂ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಆ ದನಿಯಲ್ಲೇ ಆರು ವರ್ಷದ ಹಿಂದೆ, ಮೆಚ್ಚಿದವನನ್ನೇ ಮದುವೆಯಾಗುತ್ತೇನೆಂದ, ತಾನೇ ಸಾಕಿ ಬೆಳೆಸಿದ ತಂಗಿಗೆ, "ಅವನ ಜೊತೆ ಹೋಗೋದಾದ್ರೆ ಹೋಗು, ಮತ್ತೆ ಈ ಹೊಸಿಲು ತುಳೀಬೇಡ" ಎಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು. ತಂಗಿ ತುಳಿಯಲಿಲ್ಲ.

ಇಬ್ಬರೂ ಸೇರಿ ಕೊಂಡಿದ್ದ ಪುಟ್ಟ ಲ್ಯಾಪ್‌ಟಾಪ್ ಮಾತ್ರ ಉಳಿಯಿತು. ಈಚೆಗೆ ಅದು ಆಮೆಗೆ ಅಣ್ಣನಾಗಿತ್ತು. ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಪರದೆ ತೆರೆದುಕೊಳ್ಳುತ್ತಿರಲಿಲ್ಲ. ರಜೆಯ ದಿನ ಅದನ್ನು ರಿಪೇರಿ ಅಂಗಡಿಗೆ ಒಯ್ದಳು.

ರಿಪೇರಿಯವನು ನೋಡಿ, ಡಿಸ್ಕ್ ಹಳೆಯದು, ತುಂಬಿಯೂ ಹೋಗಿದೆ, ಹೊಸದು ಹಾಕಬೇಕು ಎಂದ. ಇದರಲ್ಲಿ ಇಬ್ಬರ ಖಾತೆ ಇದೆ, ಎರಡನೆಯದನ್ನು ಆರು ವರ್ಷದಿಂದ ಯಾರೂ ತೆರೆದಿಲ್ಲ, ಅರ್ಧಕ್ಕಿಂತ ಹೆಚ್ಚು ಜಾಗ ತಿಂದಿರುವುದು ಅದೇ. ಅಳಿಸಿದರೆ ಸಣ್ಣ ಡಿಸ್ಕೇ ಸಾಕು ಎಂದ.

"ಅದನ್ನ ಮುಟ್ಟಬೇಡಿ," ಎಂದಳು. ಅದು ಬಸ್ಸಿನ ದನಿಯಾಗಿರಲಿಲ್ಲ. "ದೊಡ್ಡದೇ ಹಾಕಿ. ಒಂದು ಕಡ್ಡಿನೂ ಆಚೀಚೆ ಆಗದ ಹಾಗೆ ಎಲ್ಲಾ ಹೊಸದಕ್ಕೆ ಹೋಗ್ಲಿ."

ಅವನು ಹೊಸ ಡಿಸ್ಕನ್ನು ವೈರಿನಿಂದ ಜೋಡಿಸಿ ನಕಲಿಗೆ ಹಾಕಿದ. ಸಂಜೆ ಬನ್ನಿ ಎಂದರೂ ಅವಳು ಸ್ಟೂಲು ಬಿಟ್ಟು ಏಳಲಿಲ್ಲ. ಜೊತೆಗಿದ್ದಾಗ ತಂಗಿ ಇದರಲ್ಲೇ ಬಟ್ಟೆಯ ಡಿಸೈನ್ ಬರೆಯುತ್ತಿದ್ದಳು. ಮಂಚದ ತುದಿಯಲ್ಲಿ ಕೂತು, ಅಕ್ಕಾ ಈ ತೋಳು ಉದ್ದ ಆಯ್ತಾ ಎಂದು ಅವಳು ಕೇಳುವುದು, ಕೆಲಸದಿಂದ ಸೋತು ಬಂದ ಇವಳು ನೋಡದೆಯೇ ಚೆನ್ನಾಗಿದೆ ಅನ್ನುವುದು. ಒಂದನ್ನಾದರೂ ಕಣ್ಣಿಟ್ಟು ನೋಡಿದ್ದು ನೆನಪಾಗಲಿಲ್ಲ. ಶೇಕಡಾ ಅರವತ್ತರಲ್ಲಿ ನಕಲು ನಿಂತಾಗ ಅವಳು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡಳು. ದೊಡ್ಡ ಫೈಲಿರಬೇಕು, ತಾಳಿ ಎಂದ ಅವನು. ಸ್ವಲ್ಪ ಹೊತ್ತಿಗೆ ಅರವತ್ತೊಂದಾಯಿತು.

ಮಧ್ಯಾಹ್ನ ಕಳೆದ ಮೇಲೆ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ, ತಿರುಪು ಬಿಗಿದು ಆನ್ ಮಾಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಎರಡೂ ಹೆಸರು ಬಂದವು. ಅವಳು ಎರಡನೆಯದನ್ನು ಒತ್ತಿದಳು. ಪಾಸ್‌ವರ್ಡ್ ಕೇಳಿತು. ಬೇಕಿದ್ದರೆ ತೆಗೆದುಕೊಡುತ್ತೇನೆ, ಅದೇನು ದೊಡ್ಡ ಕೆಲಸವಲ್ಲ ಎಂದ ಅವನು.

"ಬೇಡ. ಅವಳದ್ದು ಅವಳೇ ತೆಗೀಲಿ."

ಮನೆಗೆ ಬಂದವಳು ತಂಗಿಗೆ ಮೆಸೇಜು ಬರೆದಳು: ಲ್ಯಾಪ್‌ಟಾಪ್ ಸರಿಯಾಗಿದೆ, ನಿನ್ನ ಡಿಸೈನೆಲ್ಲ ಹಾಗೇ ಇವೆ, ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ತಪ್ಪಾಯ್ತು ಎಂದು ಕೊನೆಗೆ ಸೇರಿಸಿ ಎರಡು ಸಲ ಅಳಿಸಿದಳು. ಮೂರನೆಯ ಸಲ ಇರಲಿ ಎಂದು ಅಳಿಸದೆ ಕಳಿಸಿಬಿಟ್ಟಳು.

ಉತ್ತರ ಬಂದದ್ದು ನಾಲ್ಕನೆಯ ದಿನ, ಅವಳು ಡಿಪೋದಲ್ಲಿ ರಜೆಯ ಅರ್ಜಿ ತುಂಬುತ್ತಿದ್ದಾಗ. ನನಗೂ ಮರೆತುಹೋಗಿದೆ ಕಣಕ್ಕ, ಬಂದು ಕೂತು ಯೋಚಿಸಬೇಕು ಎಂದಿತ್ತು. ಯಾವತ್ತು ಎಂದು ಇರಲಿಲ್ಲ. ತಾರೀಖಿನ ಜಾಗವನ್ನು ತಂಗಿ ಬರುವ ದಿನಕ್ಕೆಂದು ಖಾಲಿ ಬಿಟ್ಟು, ಅವಳು ಅರ್ಜಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು.