ಆಂಬುಲೆನ್ಸಿನ ಅಳತೆಗೆ ನೆಟ್ಟ ಕಲ್ಲು

ಈ ವಾರವಿಡೀ ನನ್ನ ಅಡುಗೆಮನೆಯಲ್ಲಿ ಡಾಂಬರಿನ ವಾಸನೆ. ಕಿಟಕಿ ಮುಚ್ಚಿದರೂ ಬಿಡುವುದಿಲ್ಲ. ಮಜ್ಜಿಗೆಯಲ್ಲೂ ಅದೇ, ಒಣಗಲು ಹಾಕಿದ ಸೀರೆಯಲ್ಲೂ ಅದೇ. ಮನೆಯೆದುರಿನ ರಸ್ತೆಗೆ ಹೊಸ ಡಾಂಬರು ಬೀಳುತ್ತಿದೆ. ಊರಿಗೆಲ್ಲ ಖುಷಿ, ನನಗೆ ಮಾತ್ರ ಮೈಯೆಲ್ಲ ಉರಿ. ಈ ವಾಸನೆ ಮೂಗಿಗೆ ಬಡಿದಾಗಲೆಲ್ಲ ಬೈಲಿನ ಅಕ್ಕ ನೆನಪಾಗುತ್ತಾರೆ. ಅವರ ಬೆನ್ನಿಗೇ ಗುಡ್ಡದ ಮೇಲಿನ ಕಲ್ಲುಕೋರೆಯ ಧಣಿಯ ಮುಖವೂ ಬರುತ್ತದೆ, ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ವಯಸ್ಸಾಯಿತು, ಕೋಪ ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಡಾಕ್ಟರಿಗೇನು ಗೊತ್ತು, ಮಣ್ಣು!

ಬೈಲಿನ ಅಕ್ಕ ನಮ್ಮ ನೆರೆಮನೆಯವರು. ವೇಣೂರಿನಿಂದ ಒಳಗೆ ಬಂದರೆ ಸಿಗುವ ಗದ್ದೆ ಬೈಲಿನ ಆಚೆ ಬದಿಗೆ ಅವರ ಮನೆ, ಈಚೆ ಬದಿಗೆ ನಮ್ಮದು. ಅಕ್ಕ ಜೈನರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರು, ನೀರುಳ್ಳಿ ಗೆಡ್ಡೆಯಂಥ ನೆಲದಡಿಯದ್ದು ತಿನ್ನದವರು, ಬಚ್ಚಲಿಗೆ ಬಿದ್ದ ಹುಳವನ್ನೂ ಎಲೆಯಲ್ಲಿ ಎತ್ತಿ ಹೊರಗೆ ಬಿಡುವವರು. ಬಾಯಿ ಮಾತ್ರ ಗಾಂಧಾರಿ ಮೆಣಸು. ನಾನು ಆಗ ಹತ್ತಿರದ ಶಾಲೆಯಲ್ಲಿ ಟೀಚರು. ಸಂಜೆ ಶಾಲೆ ಬಿಟ್ಟು ಬಂದರೆ ಅಕ್ಕ ನಮ್ಮ ಜಗಲಿಯಲ್ಲಿ ಕೂತು, "ಎಂತ ಟೀಚರೇ, ಇವತ್ತು ಎಷ್ಟು ಮಕ್ಕಳ ಕಿವಿ ಹಿಂಡಿದ್ರಿ?" ಎಂದು ಶುರು ಮಾಡುತ್ತಿದ್ದರು. ಮಕ್ಕಳಿಲ್ಲದ ಅವರಿಗೆ ಮಾತನಾಡಲು ನಾನು, ನನಗೆ ಬಯ್ಯಲು ಅವರು.

ಆಗ ನಮ್ಮಲ್ಲಿಗೆ ರಸ್ತೆಯೇ ಇರಲಿಲ್ಲ. ಗದ್ದೆಯ ಹುಣಿಯ ಮೇಲೆ, ಆ ಸಪೂರ ಬದುವಿನಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಅಕ್ಕನ ಗಂಡನಿಗೆ ಎದೆನೋವು ಬಂದಾಗ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಕೆಸರಿನಲ್ಲಿ ಹೊತ್ತವರು ಜಾರಿದರು, ಎದ್ದರು, ಮತ್ತೆ ಹೊತ್ತರು… ಮುಖ್ಯರಸ್ತೆಯ ಜೀಪಿನ ಹತ್ತಿರ ಮುಟ್ಟುವಾಗ ಕುರ್ಚಿಯಲ್ಲಿದ್ದವರ ಕತ್ತು ವಾಲಿತ್ತು. ವರ್ಷ ತುಂಬುವ ಮೊದಲೇ ಅಕ್ಕ ಊರಿನವರನ್ನು ದೈವದ ಕಟ್ಟೆಯ ಎದುರು ಸೇರಿಸಿದರು. ವೀಳ್ಯದೆಲೆ ಕೈಯಲ್ಲಿ ಹಿಡಿದು, ಬೈಲಿನ ಉದ್ದಕ್ಕೂ ತಮ್ಮ ಗದ್ದೆಯ ಅಂಚು ರಸ್ತೆಗೆ ಬಿಟ್ಟೆ ಎಂದರು. ತಿರುವಿನಲ್ಲಿ ನಮ್ಮ ಜಾಗವೂ ಸ್ವಲ್ಪ ಬೇಕಾಗಿತ್ತು. ನನ್ನ ಮಾವನವರು ಅದೇ ವೀಳ್ಯದೆಲೆ ಮುಟ್ಟಿ ಆಯಿತು ಎಂದರು. ಬರಹ ಇಲ್ಲ, ಸಹಿ ಇಲ್ಲ. ದೈವದ ಎದುರು ಆಡಿದ ಮಾತಿಗೆ ಕಾಗದ ಕೇಳಿದರೆ ನಮ್ಮ ಕಡೆ ಮರ್ಯಾದೆಯಲ್ಲ. ಊರಿಗೆ ಊರೇ ಮಾಡಿದ ತಪ್ಪು ಅದು. ತಪ್ಪೋ, ಪುಣ್ಯವೋ!

ರಸ್ತೆ ಆಗುವುದನ್ನು ನಾನು ಜಗಲಿಯಿಂದಲೇ ನೋಡಿದೆ. ಮೊದಲು ಗದ್ದೆಯ ಕೆಸರು ತೆಗೆದು ಕೆಂಪುಮಣ್ಣು ತುಂಬಿದರು, ಮೇಲೆ ದೊಡ್ಡ ಕಲ್ಲು, ಅದರ ಮೇಲೆ ಸಣ್ಣ ಜಲ್ಲಿ. ನೀರು ಹಾಕಿ ಹಾಕಿ ರೋಲರ್ ಓಡಿಸಿದರು. ಕೊನೆಗೆ ತೆಳ್ಳಗೆ ಡಾಂಬರು. ಅಕ್ಕ ಕೊಡೆ ಹಿಡಿದು ಅಲ್ಲೇ ನಿಂತು, "ಚರಂಡಿ ಮರೀಬೇಡಿ ಮಾರಾಯ್ರೇ, ನೀರು ನಿಂತ್ರೆ ಎಲ್ಲ ಹೊಳೆಗೆ ಹೋಗ್ತದೆ" ಎಂದು ಕಂಟ್ರಾಕ್ಟರನ ಜೀವ ತಿಂದರು. ಇದು ಹಳ್ಳಿರಸ್ತೆ, ಜೀಪು ರಿಕ್ಷಾ ತಡೆಯುವಷ್ಟು ಗಟ್ಟಿ, ಘನವಾಹನ ಬಿಡಬೇಡಿ ಎಂದು ಇಂಜಿನಿಯರು ಎಲ್ಲರೆದುರು ಹೇಳಿಯೇ ಹೋದರು. ಮೊದಲ ಸಲ ನಮ್ಮ ಊರಿಗೆ ಆಂಬುಲೆನ್ಸ್ ಬಂದದ್ದು ಒಂದು ಹೆರಿಗೆಗೆ. ಅದು ಹೋದ ಮೇಲೂ ಅಕ್ಕ ಸುಮಾರು ಹೊತ್ತು ರಸ್ತೆ ನೋಡುತ್ತ ನಿಂತಿದ್ದರು.

ಆಮೇಲೆ ಬಂತು ನೋಡಿ ಮಾರಿ. ಬೆಳ್ತಂಗಡಿ ಕಡೆಯ ಒಬ್ಬ ಧಣಿ ನಮ್ಮ ಗುಡ್ಡದಲ್ಲಿ ಕಲ್ಲುಕೋರೆ ತೆರೆದ. ಬೆಳಿಗ್ಗೆ ಖಾಲಿ ಟಿಪ್ಪರುಗಳು ಸಾಲಾಗಿ ಹತ್ತುತ್ತಿದ್ದವು, ಮಧ್ಯಾಹ್ನದ ಮೇಲೆ ತುಂಬಿಕೊಂಡು ಇಳಿಯುತ್ತಿದ್ದವು. ತುಂಬುವುದು ಎಂದರೆ ಹೇಗೆ? ಟಿಪ್ಪರಿನ ತೊಟ್ಟಿಗೆ ಮೇಲಿನಿಂದ ಹಲಗೆ ಕಟ್ಟಿ ಎತ್ತರಿಸಿ, ಅದರ ಮೇಲೂ ಗೋಪುರದ ಹಾಗೆ ಕಲ್ಲು. ಇಳಿಯುವಾಗ ನಮ್ಮ ಗೋಡೆಯಲ್ಲಿದ್ದ ಮಾವನವರ ಫೋಟೋ ನಡುಗುತ್ತಿತ್ತು. ಮೊದಲು ರಸ್ತೆಯಲ್ಲಿ ಚಕ್ರದ ಜಾಗ ಎರಡು ಗೆರೆಯಾಗಿ ತಗ್ಗಿತು. ತಗ್ಗಿದಲ್ಲಿ ನೀರು ನಿಂತಿತು. ಆ ಮಳೆಗಾಲದಲ್ಲೇ ಡಾಂಬರು ಕಾವಲಿಯಿಂದ ನೀರುದೋಸೆ ಏಳುವ ಹಾಗೆ ಪದರಪದರ ಎದ್ದು ಬಂತು, ಅಡಿಯ ಕಲ್ಲು ಹಲ್ಲು ಕಿಸಿಯಿತು. ರಿಕ್ಷಾದವರು ಬರುವುದಿಲ್ಲ ಎಂದರು. ಗುಂಡಿ ಕಾಣಲೆಂದು ನಾವು ಮರದ ಗೆಲ್ಲು ಕಡಿದು ಒಳಗೆ ನೆಟ್ಟೆವು. ಟಿಪ್ಪರುಗಳು ಅದನ್ನೂ ಮೆಟ್ಟಿ ಹೋದವು.

ಅಕ್ಕ ಮೊದಲು ಒಳ್ಳೆಯ ಮಾತಿನಲ್ಲೇ ಹೇಳಿದರು. ಧಣಿ ಬಿಳಿ ಕಾರಿನ ಗಾಜು ಅರ್ಧ ಇಳಿಸಿ, "ರಸ್ತೆ ಸರಕಾರದ್ದು ಅಕ್ಕೆರೇ, ನಿಮಗೆ ಯಾಕೆ ತಲೆಬಿಸಿ?" ಎಂದ. ಗಾಜು ಮೇಲೆ ಹೋಯಿತು. ಅಕ್ಕ ಅಲ್ಲಿಂದ ನೇರ ನಮ್ಮ ಜಗಲಿಗೆ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ. "ನನ್ನ ಗಂಡನ ಹೆಣ ಹೋದ ದಾರಿ ಅದು. ಸರಕಾರದ್ದಂತೆ! ತೋರಿಸ್ತೇನೆ ಅವನಿಗೆ" ಎಂದರು. ದೊಡ್ಡವರನ್ನು ಯಾವಾಗಲೂ ಬಹುವಚನದಲ್ಲೇ ಕರೆಯುವ ಅಕ್ಕನ ಬಾಯಲ್ಲಿ "ಅವನು" ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು.

ತೋರಿಸಿದರು ಕೂಡ. ಮೂಡುಬಿದಿರೆಯಿಂದ ಪರಿಚಯದ ಆಂಬುಲೆನ್ಸ್ ಡ್ರೈವರನನ್ನು ಬಾಡಿಗೆ ಕೊಟ್ಟು ಕರೆಸಿದರು. ರೋಗಿ ಎಲ್ಲಿ ಎಂದು ಅವನು ಕೇಳಿದರೆ, "ರೋಗಿ ರಸ್ತೆ ಮಾರಾಯ, ನೀನು ಸುಮ್ಮನೆ ಗಾಡಿ ನಿಲ್ಸು" ಎಂದರು. ತಾವು ಬಿಟ್ಟುಕೊಟ್ಟ ಜಾಗದಲ್ಲಿ ರಸ್ತೆಯ ನಡುವೆ ಆಂಬುಲೆನ್ಸ್ ನಿಲ್ಲಿಸಿ, ಆಚೆ ಒಂದು ಗೇಣು ಈಚೆ ಒಂದು ಗೇಣು ಬಿಟ್ಟು ಗುರುತು ಹಾಕಿಸಿದರು. ಮರುದಿನ ಬೆಳಿಗ್ಗೆ ಖಾಲಿ ಟಿಪ್ಪರುಗಳೆಲ್ಲ ಗುಡ್ಡ ಹತ್ತುವವರೆಗೆ ಕಾದರು. ಕೊನೆಯದು ಹತ್ತಿದ್ದೇ ತಡ, ಗುರುತಿನಲ್ಲಿ ಗುಂಡಿ ತೋಡಿಸಿ ಎರಡು ಕರಿಕಲ್ಲಿನ ಕಂಬ ಇಳಿಸಿ ಕಾಂಕ್ರೀಟು ಹಾಕಿಸಿದರು. ಅದು ಗಟ್ಟಿಯಾಗುವವರೆಗೆ ಕಂಬಗಳ ನಡುವೆ ಕೊಡೆ ಬಿಡಿಸಿ ತಾವೇ ಕೂತರು. ನಾನೂ ಶಾಲೆಗೆ ರಜೆ ಹಾಕಿ ಪಕ್ಕದಲ್ಲಿ ಕೂತೆ. ಇಳಿದು ಬಂದ ಟಿಪ್ಪರುಗಳು ಸಾಲುಗಟ್ಟಿ ನಿಂತವು. ಮುಂದೆ ಬರಲಾಗದು, ಗುಡ್ಡಕ್ಕೆ ಬೇರೆ ದಾರಿ ಇಲ್ಲ. ಆ ಸಾಲು ನೋಡಿ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಡ್ರೈವರುಗಳು ಘಟ್ಟದ ಮೇಲಿನವರು, ಬಡಪಾಯಿಗಳು. ಗಾಡಿ ಬಿಟ್ಟು ಹೋಗುವ ಹಾಗಿಲ್ಲ. ಅಕ್ಕ ಅವರಿಗೆಲ್ಲ ಅನ್ನ ಬೇಯಿಸಿ, ಹೊತ್ತು ಮುಳುಗುವ ಮೊದಲೇ ಬಡಿಸಿದರು. "ಉಳ್ಳಾಗಡ್ಡಿ ಐತೇನ್ರಿ ಅಮ್ಮಾರ?" ಎಂದು ಒಬ್ಬ ಮೆಲ್ಲನೆ ಕೇಳಿದ. "ನೀರುಳ್ಳಿ ಈ ಮನೆಗೆ ಬರುದಿಲ್ಲ ಮಗಾ. ಬೇಕಿದ್ರೆ ನಿನ್ನ ಧಣಿ ಹತ್ರ ಕೇಳು, ಅವನು ನೆಲದಡಿಯದ್ದು ಯಾವುದನ್ನೂ ಬಿಟ್ಟವನಲ್ಲ" ಎಂದರು ಅಕ್ಕ. ಡ್ರೈವರುಗಳೇ ಬಿದ್ದುಬಿದ್ದು ನಕ್ಕರು. ಕೊನೆಗೆ ಆ ಧಣಿ ಗುಡ್ಡದ ಆಚೆ ಬದಿಯಲ್ಲಿದ್ದ ತನ್ನದೇ ರಬ್ಬರ್ ತೋಟ ಕಡಿಸಿ, ದಾರಿ ಮಾಡಿ ಟಿಪ್ಪರುಗಳನ್ನು ಇಳಿಸಬೇಕಾಯಿತು. ಮರ ಬೀಳುವ ಸದ್ದು ನಮ್ಮ ಜಗಲಿಗೆ ಕೇಳುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದರು, ಯಕ್ಷಗಾನದ ಚೆಂಡೆ ಕೇಳುವವರ ಹಾಗೆ.

ಅವನು ಸುಮ್ಮನಿರುತ್ತಾನೆಯೇ? ಊರಿನ ಹಿರಿಯರನ್ನು ಕಟ್ಟಿಕೊಂಡು ದೈವದ ಕಟ್ಟೆಗೆ ಬಂದ. ಇಲ್ಲೇ ಕೊಟ್ಟ ದಾನವನ್ನು ಹಿಂದೆ ತೆಗೆದವರಿಗೆ ಒಳ್ಳೆಯದಾಗುತ್ತದಾ ಎಂದು ಎಲ್ಲರೆದುರು ಕೇಳಿದ. ಕೊಟ್ಟ ಮಾತು ಮುರಿದವಳು ಎನಿಸಿಕೊಂಡರೆ ಅಕ್ಕ ಬದುಕುವವರಲ್ಲ. ಅವರು ನಿಧಾನಕ್ಕೆ ಎದ್ದರು. "ನಾನು ಕೊಟ್ಟದ್ದು ದಾರಿ. ದಾರಿ ಉಂಟಲ್ಲ? ರಿಕ್ಷಾ ಹೋಗ್ತದೆ, ಜೀಪು ಹೋಗ್ತದೆ, ಆಂಬುಲೆನ್ಸ್ ಹೋಗ್ತದೆ. ಅದಕ್ಕೇ ಕೊಟ್ಟದ್ದು. ನಿಮ್ಮ ಗುಡ್ಡ ಹೊರ್ಲಿಕ್ಕೆ ಕೊಟ್ಟೆ ಅಂತ ಇಲ್ಲಿ ಯಾರಾದ್ರೂ ಕೇಳಿದ್ದುಂಟಾ?" ಎಂದರು. ಯಾರೂ ಕೇಳಿರಲಿಲ್ಲ. ಹಿರಿಯರು ಹೆಗಲ ಬೈರಾಸು ಕೊಡವಿಕೊಂಡು ಎದ್ದು ಹೋದರು.

ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಎಂಬ ದಿನ ಬರುತ್ತದೆ. ಆ ದಿನ ಅಕ್ಕ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಕೈಮುಗಿಯುತ್ತಿದ್ದರು. ನಮ್ಮ ದನದ ಹಟ್ಟಿಗೂ ಬಂದು ಕೈಮುಗಿದವರು. ಆ ವರ್ಷ ಎಲ್ಲ ಮನೆಗೆ ಹೋದರು, ಗುಡ್ಡದ ಕಡೆ ಮಾತ್ರ ಮುಖ ಮಾಡಲಿಲ್ಲ. ಮುಂದಿನ ವರ್ಷವೂ ಇಲ್ಲ. ನಾನು ಕೇಳಿದ್ದಕ್ಕೆ, "ಇರುವೆಯಲ್ಲೂ ಕೇಳಿ ಆಯ್ತು ಟೀಚರೇ. ಅವನಲ್ಲಿ ಬಾಯಿ ಬರುದಿಲ್ಲ" ಎಂದು ಮುಖ ತಿರುಗಿಸಿದರು. ಅದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಟಿಪ್ಪರು ನಿಂತಿತು ನಿಜ, ಆದರೆ ಮುರಿದ ರಸ್ತೆಗೆ ಯಾರೂ ಒಂದು ಬುಟ್ಟಿ ಜಲ್ಲಿ ಹಾಕಲಿಲ್ಲ. ಜಾಗದ ತಕರಾರು ಉಂಟು ಎಂದು ನಮ್ಮ ಪಂಚಾಯತಿ ಮೆಂಬರು ಹಲ್ಲು ಗಿಂಜಿದ. ಅವನ ಕಿವಿ ಊದಿದ್ದು ಯಾರೆಂದು ಇಡೀ ಊರಿಗೆ ಗೊತ್ತು. ಹಾಗಾಗಿ ಅಕ್ಕ ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕುಸಿದು ಬಿದ್ದಾಗ, ಆಂಬುಲೆನ್ಸ್ ಕಂಬಗಳ ನಡುವೆ ಸಲೀಸಾಗಿ ಬಂತು, ಹೋಗುವಾಗ ಮಾತ್ರ ಗುಂಡಿಯಿಂದ ಗುಂಡಿಗೆ ಬಿದ್ದು ಏಳುತ್ತ ಎತ್ತಿನಗಾಡಿಯ ಹಾಗೆ ತೆವಳಿತು. ನಾನು ಅವರ ತಲೆ ಮಡಿಲಲ್ಲಿ ಹಿಡಿದಿದ್ದೆ. ಒಂದೊಂದು ಗುಂಡಿಗೂ ಅವರು ಒಂದೊಂದು ಸಲ ನರಳಿದರು…

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು. ಕ್ಷಮಾವಣಿ ಅಲ್ಲೇ ಬಂತು. ಮಂಚದಲ್ಲಿ ಮಲಗಿಕೊಂಡೇ ನರ್ಸಿಗೆ, ಕಸ ಗುಡಿಸುವವಳಿಗೆ, ನನಗೆ ಕೈಮುಗಿದರು. ಆಮೇಲೆ ನನ್ನ ಕೈ ಹಿಡಿದು, "ಅವನೊಬ್ಬನದ್ದು ನನ್ನಿಂದ ಆಗ್ಲೇ ಇಲ್ಲ ಟೀಚರೇ. ಅದನ್ನು ಹೊತ್ತುಕೊಂಡೇ ಹೋಗ್ತೇನೆ ಅಂತ ಕಾಣ್ತದೆ" ಎಂದರು. ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು. ರಸ್ತೆ ಹಾಳು ಮಾಡಿದ್ದಕ್ಕಿಂತ ಹೆಚ್ಚು ನಾನು ಆ ಮನುಷ್ಯನನ್ನು ದ್ವೇಷಿಸುವುದು ಆ ಕಣ್ಣೀರಿಗೆ. ಹುಳವನ್ನೂ ನೋಯಿಸದವರು ಕೊನೆಗೆ ತಮ್ಮನ್ನೇ ಪಾಪಿ ಅಂದುಕೊಂಡು ಹೋದರಲ್ಲ.

ಅವರ ಚಿತೆ ಉರಿಯುತ್ತಿರುವಾಗ, ಊರಿಡೀ ಅಲ್ಲಿ ಸೇರಿದ್ದ ಹೊತ್ತು ನೋಡಿ, ಜೆಸಿಬಿ ಬಂದು ಎರಡೂ ಕಂಬ ಕಿತ್ತು ಹಾಕಿತು. ನಾವು ವಾಪಸು ಬರುವಾಗ ದಾರಿಯಲ್ಲಿ ಎರಡು ಹೊಂಡ ಬಾಯಿ ತೆರೆದಿದ್ದವು. ಅಕ್ಕನ ತಮ್ಮನ ಮಕ್ಕಳು ಬಂಟ್ವಾಳದಲ್ಲಿ ಇರುವವರು, ಗದ್ದೆಯ ಅಂಚು ರಸ್ತೆಗೆ ಎಂದು ಬರೆದುಕೊಟ್ಟು ಹೋದರು. ಟಿಪ್ಪರು ಮತ್ತೆ ಶುರುವಾಯಿತು. ಅಂದಿನಿಂದ ಎರಡು ಮಳೆಗಾಲ ಆ ಸದ್ದು ಕೇಳಿದ್ದೇನೆ, ಒಂದು ದಿನವೂ ಶಾಪ ಹಾಕುವುದನ್ನು ಬಿಟ್ಟಿಲ್ಲ.

ಈಗ ಹೊಸ ಡಾಂಬರು. ಧಣಿಯದ್ದೇ ಸಹಾಯವಂತೆ, ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿದ್ದಾನೆ. ನಿನ್ನೆ ಅವನ ಜನ ಒಬ್ಬ ರಸ್ತೆ ಉದ್ಘಾಟನೆಯ ಆಮಂತ್ರಣ ಹಿಡಿದು ಬಂದ. "ರಸ್ತೆಗೆ ಬೈಲಿನ ಅಕ್ಕನ ಹೆಸರೇ ಇಡುದು ಟೀಚರೇ. ನೀವು ಎರಡು ಮಾತು ಆಡ್ಬೇಕಂತೆ" ಎಂದ. ಅಕ್ಕನ ಹೆಸರಿನ ಬೋರ್ಡಿನ ಅಡಿಯಲ್ಲಿ ಅವನ ಟಿಪ್ಪರು! ಚಪ್ಪಲಿ ಕೈಗೆ ಬರುವುದರಲ್ಲಿತ್ತು, ತಡೆದುಕೊಂಡೆ. "ಆಯ್ತಪ್ಪ, ಬರ್ತೇನೆ. ಟಿಪ್ಪರು ಎಲ್ಲ ಬೆಳಿಗ್ಗೆ ಎಷ್ಟು ಹೊತ್ತಿಗೆ ಹತ್ತುದು?" ಎಂದು ಕೇಳಿದೆ. ಪಾಪ, ಹೇಳಿಯೂ ಹೋದ.

ಅವನ ಧಣಿ ಎಲ್ಲರ ಸಹಿ ತೆಗೆದುಕೊಂಡಿದ್ದಾನೆ, ತಿರುವಿನ ನಮ್ಮ ಜಾಗ ಮಾತ್ರ ಮರೆತಿದ್ದಾನೆ. ಮಾವನವರ ಆ ಮಾತು ಇನ್ನೂ ಬಾಯಿಮಾತೇ, ಜಾಗ ಇನ್ನೂ ನಮ್ಮದೇ. ರಬ್ಬರ್ ತೋಟದ ದಾರಿ ಹೋದ ಮಳೆಗೇ ಕುಸಿದು ಮುಚ್ಚಿದೆ. ಆಂಬುಲೆನ್ಸಿನವನಿಗೆ ಫೋನು ಮಾಡಿ ಆಯಿತು, ಕಂಬಕ್ಕೂ ಹೇಳಿ ಆಯಿತು. ಎಲ್ಲ ಸರಿ, ಒಂದೇ ಒಂದು ಯೋಚನೆ. ಗುಡ್ಡದಲ್ಲಿ ಸಿಕ್ಕಿಬೀಳುವ ಅಷ್ಟು ಜನ ಡ್ರೈವರುಗಳಿಗೆ ಈ ಸಲ ಅನ್ನ ನಾನೊಬ್ಬಳೇ ಬೇಯಿಸಬೇಕು. ಅಕ್ಕ ಇಲ್ಲವಲ್ಲ.