ಆಪರೇಟರ್ ಮೇಡಂ ಕೇಳಿದ ಕನ್ನಡ

ಅವರ ಬಲಗಿವಿಯಲ್ಲಿ ಸದಾ ಒಂದು ಇಯರ್‌ಫೋನು ಇರುತ್ತಿತ್ತು. ಅದರ ಜೋಡಿ ಸೆರಗಿನ ಮೇಲೆ ನೇತಾಡುತ್ತಿತ್ತು. ಬಲಗಿವಿ ಕಂಪ್ಯೂಟರಿಗೆ, ಎಡಗಿವಿ ಫೋನಿಗೆ ಮತ್ತು ನಮಗೆ. ಯಾರಾದರೂ ಹತ್ತಿರ ಬಂದರೆ ಮುಖ ಎತ್ತುತ್ತಿರಲಿಲ್ಲ, ಎಡಗಿವಿಯನ್ನು ಒಂದಿಷ್ಟು ವಾಲಿಸುತ್ತಿದ್ದರು. ಚಪ್ಪಲಿ ಸದ್ದಿನಲ್ಲೇ ಬಂದವರು ಯಾರೆಂದು ತಿಳಿದು, ನಾವು ಬಾಯಿ ತೆರೆಯುವ ಮೊದಲೇ "ಏನಮ್ಮ, ಬಸ್ಸಲ್ಲಿ ಸೀಟ್ ಸಿಕ್ಲಿಲ್ವಾ? ಕಾಲೆಳ್ಕೊಂಡ್ ಬರ್ತಿದೀಯ" ಎನ್ನುತ್ತಿದ್ದರು.

ಹೆಬ್ಬಾಳದ ನಮ್ಮ ಕಚೇರಿಯಲ್ಲಿ ಅವರು ಟೆಲಿಫೋನ್ ಆಪರೇಟರ್. ನಾನು ೨೦೦೯ರಲ್ಲಿ ಗುಮಾಸ್ತೆಯಾಗಿ ಸೇರಿದಾಗ ನನಗೆ ಸಿಕ್ಕಿದ್ದು ಅವರ ಪಕ್ಕದ ಮೇಜು. ಚಿಕ್ಕಂದಿನಲ್ಲಿ ದಡಾರ ಬಂದು ಅವರ ಎರಡೂ ಕಣ್ಣು ಹೋಗಿದ್ದವು. ಶೆಟ್ಟಿಹಳ್ಳಿಯ ಹಳೆಯ ಮನೆತನ, ಅಣ್ಣನ ಮನೆಯ ಮಹಡಿಯಲ್ಲಿ ವಾಸ. ನನ್ನದು ಜಾಲಹಳ್ಳಿಯ ಕಡೆ. ಸಂಜೆ ಗೊರಗುಂಟೆಪಾಳ್ಯದವರೆಗೆ ಇಬ್ಬರೂ ಒಂದೇ ಬಸ್ಸು. ಫೋನಿನಲ್ಲಿ ಅವರ ಕನ್ನಡ ಇಸ್ತ್ರಿ ಹಾಕಿದ ಹಾಗೆ: "ನಮಸ್ಕಾರ, ತಮಗೆ ಯಾರು ಬೇಕಾಗಿತ್ತು?" ಫೋನ್ ಇಟ್ಟ ಮರುಕ್ಷಣ ಊರಿನ ಮಾತು: "ಯಾವನೋ, ಇಂಗೆ ಕಿರುಚ್ತಾವ್ನೆ ನೋಡು."

ಕರೆ ಸೇರಿಸುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಯಾರು ಯಾವಾಗ ಫೋನ್ ಮಾಡಿದರು, ಏನು ಹೇಳಿದರು ಎಂಬುದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಆಯಾ ವಿಭಾಗಕ್ಕೆ ಕಳುಹಿಸುತ್ತಿದ್ದರು. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವೊಂದು ಅವರ ವಿಂಡೋಸ್ ಕಂಪ್ಯೂಟರಿನಲ್ಲಿತ್ತು. ಅದು ಓದುವ ವೇಗಕ್ಕೆ ನನಗೆ ಕೇಳುತ್ತಿದ್ದದ್ದು ಬರೀ ಚಟಪಟ ಸದ್ದು. ಅವರಿಗೆ ಪ್ರತಿ ಪದವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಮೌಸ್ ಮುಟ್ಟುತ್ತಿರಲಿಲ್ಲ. ಯಾವ ಕೀಲಿ ಒತ್ತಿದರೆ ಎಲ್ಲಿಗೆ ಹೋಗುತ್ತೇವೆ ಎಂಬುದೆಲ್ಲ ಬೆರಳಿಗೆ ಬಾಯಿಪಾಠ.

ಒಂದೇ ಒಂದು ಕೊರತೆ ಇತ್ತು, ಅದೂ ದೊಡ್ಡದೇ. ನಮ್ಮ ಕಚೇರಿಯ ಸುತ್ತೋಲೆ, ಆದೇಶ, ಪತ್ರ ಎಲ್ಲ ಕನ್ನಡದಲ್ಲಿ. ಟೈಪ್ ಮಾಡುತ್ತಿದ್ದದ್ದು ಹಳೆಯ ಬಗೆಯ ಫಾಂಟಿನಲ್ಲಿ. ಅದರಲ್ಲಿ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಕಂಪ್ಯೂಟರಿನ ಒಳಗೆ ಮಾತ್ರ ಇರುವುದು ಇಂಗ್ಲಿಷಿನ ಅಡ್ಡಾದಿಡ್ಡಿ ಅಕ್ಷರಗಳು. ನಮಗೆ ಗೊತ್ತೇ ಆಗುತ್ತಿರಲಿಲ್ಲ. ಓದುವ ತಂತ್ರಾಂಶ ಒಳಗಿದ್ದದ್ದನ್ನು ಇದ್ದ ಹಾಗೇ ಓದುತ್ತಿತ್ತು. "ಸುತ್ತೋಲೆ" ಎಂಬ ಪದ ಅವರ ಕಿವಿಗೆ ಅರ್ಥವಿಲ್ಲದ ಗೊಣಗಾಟವಾಗಿ ಬೀಳುತ್ತಿತ್ತು. ಹಾಗಾಗಿ ಕನ್ನಡದ ಪ್ರತಿ ಕಾಗದಕ್ಕೂ ಯಾರನ್ನಾದರೂ ಕರೆಯಬೇಕಿತ್ತು. "ಸ್ವಲ್ಪ ಓದಮ್ಮ, ಬಿಡುವಿದ್ರೆ." ಆ "ಬಿಡುವಿದ್ರೆ" ಎನ್ನುವಾಗ ಅವರ ದನಿ ಇಳಿಯುತ್ತಿತ್ತು.

ಹೀಗಿರುವಾಗ ಒಂದು ದಿನ ಮ್ಯಾನೇಜರ್ ಸಾಹೇಬರು ಎಲ್ಲರನ್ನೂ ಕರೆದು, ವಿಂಡೋಸ್ ತೆಗೆದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿಸುತ್ತೇವೆ, ಅದು ಉಚಿತ, ಮೇಲಿನಿಂದ ಹೇಳಿಕೆ ಬಂದಿದೆ ಎಂದರು. ನಾವೆಲ್ಲ ಗೊಣಗಿದೆವು. ಮೇಡಂ ಗೊಣಗಲಿಲ್ಲ, ಹೆದರಿದರು. ಬಸ್ಸಿನಲ್ಲಿ ನನ್ನ ಮೊಣಕೈ ಹಿಡಿದು ಹೇಳಿದರು: "ನಿಮ್ಗಾದ್ರೆ ಗೋಡೆ ಬಣ್ಣ ಬದಲಾಯ್ತದೆ ಅಷ್ಟೇ ಕಣಮ್ಮ. ನಂಗೆ ಬಾಗ್ಲು ಎಲ್ಲೈತೆ ಅಂತ್ಲೇ ಗೊತ್ತಾಗಲ್ಲ."

ಮೊದಲ ವಾರ ಅವರು ಹೇಳಿದ ಹಾಗೇ ಆಯಿತು. ಹೊಸ ವ್ಯವಸ್ಥೆಯಲ್ಲೂ ಓದಿ ಹೇಳುವ ತಂತ್ರಾಂಶವಿತ್ತು, ಆದರೆ ಕೀಲಿಗಳು ಬೇರೆ, ದನಿ ಬೇರೆ. ಕೆಲವೊಮ್ಮೆ ನಡುವೆಯೇ ಮೂಕವಾಗಿಬಿಡುತ್ತಿತ್ತು. ಮೇಡಂ ಬೆರಳನ್ನು ಕೀಲಿಮಣೆಯ ಮೇಲೆ ಎತ್ತಿ ಹಿಡಿದು ಸುಮ್ಮನೆ ಕೂರುತ್ತಿದ್ದರು, ಕತ್ತಲೆಯಲ್ಲಿ ಮೆಟ್ಟಿಲು ಇದೆಯೋ ಇಲ್ಲವೋ ಎಂದು ಕಾಲು ತಡೆದವರ ಹಾಗೆ. ಊಟದ ಹೊತ್ತಿನಲ್ಲಿ ಡಬ್ಬಿ ತೆರೆಯದೆ ಕಲಿತರು. ನಾನು ಪರದೆ ನೋಡಿ ಹೇಳುವುದು, ಅವರು ಒತ್ತಿ ನೋಡುವುದು. ಬೆರಳಿಗೆ ದಾರಿ ಹತ್ತುವಷ್ಟರಲ್ಲಿ ತಿಂಗಳೇ ಕಳೆಯಿತು.

ಲಿನಕ್ಸ್‌ನಲ್ಲಿ ನಮ್ಮ ಹಳೆಯ ಫಾಂಟಿನ ತಂತ್ರಾಂಶ ನಡೆಯುತ್ತಿರಲಿಲ್ಲ. ಕಚೇರಿಯವರು ಬೇರೆ ದಾರಿಯಿಲ್ಲದೆ ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಅಕ್ಷರದಲ್ಲಿ, ಟೈಪ್ ಮಾಡಲು ಶುರು ಮಾಡಿದರು. ಅದರಿಂದ ಏನಾದೀತೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಒಂದು ಬೆಳಿಗ್ಗೆ ಮೇಡಂ ಇದ್ದಕ್ಕಿದ್ದಂತೆ ಇಯರ್‌ಫೋನ್ ಕಿತ್ತು ನನ್ನ ಕಡೆ ಚಾಚಿದರು. "ಕೇಳು, ಕೇಳಿಲ್ಲಿ. ನಂಗ್ ಕೇಳಿಸ್ತಾ ಇರೋದು ನಿಂಗೂ ಕೇಳಿಸ್ತದಾ?"

ಒಳಗೆ ತಗಡಿನಂಥ ಗಂಡಸಿನ ದನಿಯೊಂದು ತಡೆತಡೆದು ಓದುತ್ತಿತ್ತು: "ಕೈ ತೊಳೆಯುವ ಜಾಗದಲ್ಲಿ ಟೀ ಸೊಪ್ಪು ಸುರಿಯಬಾರದೆಂದು ಎಲ್ಲಾ ಸಿಬ್ಬಂದಿಗೆ ಈ ಮೂಲಕ ತಿಳಿಸಲಾಗಿದೆ." ಉಚ್ಚಾರಣೆ ಹೊಸದಾಗಿ ಕನ್ನಡ ಕಲಿತವರ ಹಾಗಿತ್ತು. ಆದರೆ ಕನ್ನಡವೇ.

ಮೇಡಂ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ನಗುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು. "ಟೀ ಸೊಪ್ಪು ಅಂತೆ ಕಣೇ! ಯಾರ್ನೂ ಕೇಳ್ದೆ ನಾನೇ ಓದ್ದೆ." ಅದುವರೆಗೆ ನನ್ನನ್ನು ಅವರು "ಕಣೇ" ಎಂದದ್ದಿರಲಿಲ್ಲ.

ಆ ನಂತರದ ಅವರೇ ಬೇರೆ. ಸುತ್ತೋಲೆ ಬಂದರೆ ಎಲ್ಲರಿಗಿಂತ ಮೊದಲು ಅವರಿಗೆ ಗೊತ್ತು. ಹೊರಗಿನವರು ಫೋನ್ ಮಾಡಿ ಏನಾದರೂ ವಿಚಾರಿಸಿದರೆ ಕರೆಯನ್ನು ಬೇರೆಯವರಿಗೆ ದಾಟಿಸದೆ ತಾವೇ ಆದೇಶ ತೆರೆದು ಉತ್ತರ ಹೇಳುತ್ತಿದ್ದರು. ಕನ್ನಡದಲ್ಲಿ ಟೈಪ್ ಮಾಡುವುದನ್ನೂ ಕಲಿತರು. ನನಗೆ ಯೂನಿಕೋಡ್ ಕೀಲಿಗಳನ್ನು ಹೇಳಿಕೊಟ್ಟವರು ಅವರೇ. ಒತ್ತಕ್ಷರ ಎಡವಿದರೆ, "ಎಲ್ಲಿ, ಓದ್ಸು" ಎಂದು ಕೇಳಿ, ತಪ್ಪು ಎಲ್ಲಿದೆ ಎಂದು ಕಿವಿಯಿಂದಲೇ ಹಿಡಿಯುತ್ತಿದ್ದರು.

ಉಳಿದವರ ಕಥೆ ಬೇರೆಯೇ ಇತ್ತು. ಅವರ ಕಷ್ಟವೂ ಸುಳ್ಳಾಗಿರಲಿಲ್ಲ. ಪ್ರಿಂಟರ್ ಕೈಕೊಡುತ್ತಿತ್ತು. ಬೇರೆ ಕಚೇರಿಗಳಿಂದ ಹಳೆಯ ಫಾಂಟಿನಲ್ಲಿ ಬಂದ ಪತ್ರಗಳು ನಮ್ಮಲ್ಲಿ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ನಮ್ಮ ಪತ್ರಗಳು ಅಲ್ಲಿಗೆ ಹೋದರೆ ಅವರದೂ ಅದೇ ದೂರು. ವರ್ಷ ತುಂಬಿದ ಮೇಲೆ ಮ್ಯಾನೇಜರ್ ಮತ್ತೆ ಸಭೆ ಕರೆದರು. "ವಿಂಡೋಸೇ ಬೇಕು ಅನ್ನೋರು ಕೈ ಎತ್ತಿ."

ಮೇಡಂ ನನ್ನ ಕಡೆ ವಾಲಿ ಪಿಸುಗುಟ್ಟಿದರು. "ಎಷ್ಟ್ ಕೈ ಐತೆ?"

"ತುಂಬಾ ಇದೆ ಮೇಡಂ."

"ಲಿನಕ್ಸ್ ಕಡೆಗೆ?"

"ನಾವಿಬ್ರೇ."

ಅವರು ಎದ್ದು ನಿಂತರು. ಮ್ಯಾನೇಜರ್ ಯಾವ ದಿಕ್ಕಿನಲ್ಲಿದ್ದಾರೆಂದು ಸರಿಯಾಗಿ ತಿಳಿಯದೆ ಕಿಟಕಿಯ ಕಡೆ ಮುಖ ಮಾಡಿ, ಫೋನಿನ ಕನ್ನಡದಲ್ಲಿ ಹೇಳಿದರು: "ಸರ್, ನಿಮಗೆಲ್ಲ ಯಾವುದಾದರೂ ನಡೆಯುತ್ತದೆ. ಕನ್ನಡ ನನಗೆ ಸಿಕ್ಕಿರುವುದು ಇದರಲ್ಲಿ ಮಾತ್ರ."

ಮ್ಯಾನೇಜರ್ ಕೆಟ್ಟವರಲ್ಲ. "ಆಯ್ತಮ್ಮ, ನಿಮ್ಮ ಮಷೀನ್ ಹಾಗೇ ಇರಲಿ. ಅದನ್ನ ಯಾರೂ ಮುಟ್ಟಲ್ಲ" ಎಂದರು. ಎಲ್ಲರಿಗೂ ಸಮಾಧಾನವಾಯಿತು. ಯಾರೋ ಚಪ್ಪಾಳೆ ಕೂಡ ತಟ್ಟಿದರು.

ಅವರ ಮಷೀನ್ ಹಾಗೇ ಉಳಿಯಿತು. ಆದರೆ ಉಳಿದವರೆಲ್ಲ ವಿಂಡೋಸ್‌ಗೆ ಮರಳಿದ ಮೇಲೆ ಟೈಪ್ ಮಾಡಿದ್ದು ಮತ್ತೆ ಹಳೆಯ ಫಾಂಟಿನಲ್ಲೇ. ಅವರು ಬಯಸಿದ ಲಿನಕ್ಸ್ ಅವರ ಮೇಜಿನ ಮೇಲೇ ಇತ್ತು, ಆದರೆ ಅದು ಓದಬಲ್ಲ ಕನ್ನಡದ ಕಾಗದವೇ ಬರುತ್ತಿರಲಿಲ್ಲ. ಇಯರ್‌ಫೋನಿನಲ್ಲಿ ಮತ್ತೆ ಅದೇ ಗೊಣಗಾಟ. ಮ್ಯಾನೇಜರ್ ಹತ್ತಿರ ಹೋಗಿ, ಬರೀ ಸುತ್ತೋಲೆಗಳನ್ನಾದರೂ ಯೂನಿಕೋಡ್‌ನಲ್ಲಿ ಮಾಡಿಸಿ ಎಂದು ಕೇಳಿದೆವು. "ನಿಮ್ ಮಷೀನ್ ನಿಮಗೆ ಬಿಟ್ಟಿದೀವಲ್ಲಮ್ಮ, ಇನ್ನೇನ್ ಮಾಡ್ಬೇಕು?" ಎಂದರು. ಅವರಿಗೆ ಅದು ನಿಜವಾಗಿಯೂ ಅರ್ಥವಾಗಿರಲಿಲ್ಲ. ಸಿಕ್ಕಷ್ಟನ್ನು ನಾನು ಮತ್ತೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಮೇಡಂಗೆ ಕಳುಹಿಸುತ್ತಿದ್ದೆ. ನನ್ನ ಕೆಲಸದ ನಡುವೆ ಅದು ಸಾಲುತ್ತಿರಲಿಲ್ಲ. ಒಂದು ದಿನ ಅವರೇ ತಡೆದರು. "ಬುಡು ಕಣೇ. ಕೆರೆ ನೀರ್ನ ಚಮಚದಲ್ಲಿ ತುಂಬ್ತೀಯಾ?"

ಮತ್ತೆ "ಬಿಡುವಿದ್ರೆ ಓದಮ್ಮ" ಶುರುವಾಯಿತು.

ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿತ್ತು, ಕಚೇರಿಯ ಫೋನಿಗೆ ಕರೆಗಳು ಕಡಿಮೆಯಾಗಿದ್ದವು. ಒಂದು ಮಧ್ಯಾಹ್ನ ಅವರ ಹೆಸರಿಗೆ ಒಂದು ಆದೇಶ ಬಂತು. ಅವರು ಅದನ್ನು ಕಂಪ್ಯೂಟರಿನಿಂದ ಓದಿಸಲು ನೋಡಿದರು, ಗೊಣಗಾಟ ಕೇಳಿಸಿಕೊಂಡರು, ಇಯರ್‌ಫೋನ್ ತೆಗೆದಿಟ್ಟರು. "ನೀನೇ ಓದು. ಒಂದಕ್ಷರ ಬಿಡ್ಬೇಡ, ಮೆತ್ತಗೂ ಮಾಡ್ಬೇಡ."

ಓದಿದೆ. ದೂರವಾಣಿ ವಿನಿಮಯ ಫಲಕವನ್ನು ತೆರವುಗೊಳಿಸಲು ತೀರ್ಮಾನಿಸಲಾಗಿದ್ದು, ನಿರ್ವಾಹಕಿಯ ಹುದ್ದೆಯನ್ನು ಹೆಚ್ಚುವರಿಯೆಂದು ಪರಿಗಣಿಸಲಾಗಿದೆ. ಮುಂದಿನ ಆದೇಶದವರೆಗೆ ಅವರಿಗೆ ಯಾವುದೇ ಕೆಲಸವನ್ನು ನಿಗದಿಪಡಿಸತಕ್ಕದ್ದಲ್ಲ.

"ಕನ್ನಡ ಚೆನ್ನಾಗೈತೆ" ಎಂದರು ಮೇಡಂ. ಇಯರ್‌ಫೋನಿನ ತಂತಿ ಸುತ್ತುತ್ತ, "ಇದ್ನ ಆ ತಗಡಿನ ದನಿ ಓದಿದ್ರೆ ವಾಸಿಯಾಗಿತ್ತು. ಪಾಪ, ನಿನ್ ಬಾಯಲ್ಲಿ ಬಂತು" ಎಂದರು. ಅವರ ಕೈ ಹಿಡಿದುಕೊಂಡೆ, ಅವರು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಕೆಲವು ತಿಂಗಳು ಅವರು ದಿನವೂ ಬಂದು ಕುರ್ಚಿಯಲ್ಲಿ ಕೂತರು. ಫೋನಿಲ್ಲ, ಕಾಗದವಿಲ್ಲ, ಸಂಬಳ ಮಾತ್ರ ಬರುತ್ತಿತ್ತು. ದಾಟಿ ಹೋಗುವವರು ಹೆಜ್ಜೆ ಹಗುರ ಮಾಡಿ ನಡೆಯಲು ಕಲಿತರು, ಮಾತಾಡಿಸಬೇಕಾಗುತ್ತದೆ ಎಂದು. ಅವರಿಗೆ ಆ ಹಗುರ ಹೆಜ್ಜೆಯೂ ಗೊತ್ತಾಗುತ್ತಿತ್ತು. ಕೊನೆಗೆ ಸ್ವಯಂ ನಿವೃತ್ತಿ ಬರೆದುಕೊಟ್ಟರು.

ಶೆಟ್ಟಿಹಳ್ಳಿಗೆ ಆಗಾಗ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಲಿನಕ್ಸ್ ಹಾಕಿಸಿಕೊಂಡು ಕನ್ನಡದ ಸುದ್ದಿ, ಅಡುಗೆ, ಸಿಕ್ಕಿದ್ದೆಲ್ಲ ಓದಿಸಿ ಕೇಳುತ್ತಿದ್ದರು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು, ಮೂತ್ರಪಿಂಡಕ್ಕೆ ಇಳಿಯಿತು. ೨೦೧೭ರಲ್ಲಿ ತೀರಿಕೊಂಡರು. ಅವರ ಅಣ್ಣ ಫೋನ್ ಮಾಡಿ ಹೇಳಿದಾಗ ನಾನು ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. ಮುಂದಕ್ಕೂ ಹೋಗುವಂತಿರಲಿಲ್ಲ, ಇಳಿಯುವಂತೆಯೂ ಇರಲಿಲ್ಲ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಾಗಿ ವರ್ಷದ ಮೇಲೆ ನಮ್ಮ ಕಚೇರಿಗೆ ಹೊಸ ನಿಯಮ ಬಂತು: ಇನ್ನು ಮುಂದೆ ಕನ್ನಡದ ಎಲ್ಲ ಪತ್ರವ್ಯವಹಾರವೂ ಯೂನಿಕೋಡ್‌ನಲ್ಲೇ ಇರಬೇಕು, ಕಂಪ್ಯೂಟರ್ ಯಾವುದೇ ಆಗಿರಲಿ. ಸಭೆಯಲ್ಲಿ ಎಲ್ಲರೂ ಮತ್ತೆ ಗೊಣಗಿದರು. ಯೂನಿಕೋಡ್ ಇನ್ನೂ ನೆನಪಿದ್ದದ್ದು ನನಗೊಬ್ಬಳಿಗೇ ಆದ್ದರಿಂದ ಆ ಸುತ್ತೋಲೆ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಒತ್ತಕ್ಷರವೂ ತಪ್ಪದಂತೆ ಟೈಪ್ ಮಾಡಿದೆ. ಎಲ್ಲರಿಗೂ ಕಳುಹಿಸಿದೆ. ಎಲ್ಲರೂ ಅದನ್ನು ಕಣ್ಣಿಂದ ಓದಿಕೊಂಡರು.